ನ್ಯೂರೋ ಒಗ್ಗರಣೆ

ಹೋದ ತಿಂಗಳು ನಮ್ಮ ಆಫೀಸಿನ 30 ಮೆದುಳುಗಳನ್ನು ಒಂದು ಹೋಟೆಲಿನ ಬೇಸ್‌ಮೆಂಟ್ ಹಾಲಿಗೆ ಕಳಿಸಿಕೊಟ್ಟರು. ಮಧ್ಯಾಹ್ನ ಬಫೆ ಇತ್ತಾದ್ದರಿಂದ ಮೆದುಳಿನ ಜೊತೆ ನಾವೂ ಹೋದೆವು. ಎದುರಿಗೆ ಕೂತವರ ಮೆದುಳಿಗೆ ನೇರವಾಗಿ ಕೈಹಾಕಿ ಒಪ್ಪಿಸುವಂಥ ಪ್ರೆಸೆಂಟೇಶನ್ ಮಾಡುವುದು ಹೇಗೆ ಎಂಬ ಕಾರ್ಯಾಗಾರ. ಬಾಗಿಲಲ್ಲೇ ಒಂದು ಚೀಲ ಕೊಟ್ಟರು. ಒಳಗೆ ನೋಟ್‌ಪ್ಯಾಡು, ಪೆನ್ನು, ಹಿಚುಕಿದರೆ ಕುಂಯ್ ಅನ್ನುವ ಗುಲಾಬಿ ಬಣ್ಣದ ಮೆದುಳು. (ಹೊಸೂರು ರಸ್ತೆಯ ನಿಮ್ಹಾನ್ಸ್‌ನ ಮೆದುಳು ಸಂಗ್ರಹಾಲಯಕ್ಕೆ ಹೋದರೆ ನಿಜವಾದ ಮೆದುಳನ್ನೇ ಕೈಯಲ್ಲಿ ಹಿಡಿದು ನೋಡಬಹುದು. ಅದು ಕುಂಯ್ ಅನ್ನುವುದಿಲ್ಲ.)

ಗುರುಗಳು ಬಂದರು. ಕೋಟು, ಬಿಳಿ ಶೂ, ಕೆನ್ನೆಗೆ ಅಂಟಿದ ಮೈಕು.

“ಮನುಷ್ಯನ ಗಮನ ಎಷ್ಟು ಹೊತ್ತು ನಿಲ್ಲುತ್ತೆ ಗೊತ್ತಾ? 8 ಸೆಕೆಂಡು! ಗೋಲ್ಡ್‌ಫಿಶ್‌ದು 9!”

ಮೀನಿಗೆ ಸೋತ ಅವಮಾನಕ್ಕೆ ನಾವೆಲ್ಲ ತಲೆ ತಗ್ಗಿಸಿದೆವು. ನಮ್ಮ ಗಮನ 8 ಸೆಕೆಂಡಿಗಿಂತ ಹೆಚ್ಚು ನಿಲ್ಲದು ಎಂಬುದನ್ನು ಅವರು ಮುಂದಿನ 40 ನಿಮಿಷ ವಿವರಿಸಿದರು, ನಾವೂ ಗಮನವಿಟ್ಟು ಕೇಳಿದೆವು. ಈ ಮೀನಿನ ಲೆಕ್ಕವನ್ನು ಊರೂರಿಗೆ ಹಂಚಿದ್ದು 2015ರಲ್ಲಿ ಮೈಕ್ರೋಸಾಫ್ಟ್ ಕೆನಡಾ ತಂದ ಒಂದು ವರದಿ. ಇದರ ಬೇರು ಎಲ್ಲಿದೆ ಅಂತ ಬಿಬಿಸಿಯವರು ಹುಡುಕುತ್ತ ಹೋದರೆ ಸಂಶೋಧನೆ ಅನ್ನುವಂಥದ್ದೇನೂ ಸಿಗಲಿಲ್ಲ. ಮೀನಿನ ಕೈಗೆ ಯಾರೂ ಸ್ಟಾಪ್‌ವಾಚ್ ಕೊಟ್ಟಿರಲೇ ಇಲ್ಲ.

ಕರಾವಳಿ ಕಡೆಯವರಿಗೆ ಈ 8 ಸೆಕೆಂಡಿನ ಕತೆ ಹೇಳಿ ನೋಡಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಸ್ಲೈಡ್ ಅಂತೂ ಇಲ್ಲವೇ ಇಲ್ಲ. ನಾಲ್ಕು ಜನ ಕೂತು ಮಾತಿಗೆ ಮಾತು ಕೊಡುತ್ತಾರೆ, ಜನ ಬೆಳಗಿನ ಜಾವದವರೆಗೂ ಕದಲುವುದಿಲ್ಲ. ಸಂಧಾನಕ್ಕೆ ಬಂದ ಕೃಷ್ಣ ಕೌರವನ ಎದುರು ಅಷ್ಟು ಚೆನ್ನಾಗಿ ಪ್ರೆಸೆಂಟ್ ಮಾಡಿ, ಕೊನೆಗೆ ವಿಶ್ವರೂಪದ ವಿಶುವಲ್ಲನ್ನೂ ಹಾಕಿ ತೋರಿಸಿದ. ಆದರೂ ಐದು ಊರು ಸ್ಯಾಂಕ್ಷನ್ ಆಗಲಿಲ್ಲ, ಅದು ಬೇರೆ ಮಾತು.

ಆಮೇಲೆ ಬಂತು ಬಣ್ಣಬಣ್ಣದ ವೃತ್ತ. ಒಬ್ಬರು ಇನ್ನೊಬ್ಬರಿಗೆ ಏನಾದರೂ ಹೇಳುವಾಗ ಪದಗಳ ಪಾಲು ಶೇ. 7, ದನಿಯದು 38, ಮುಖಭಾವದ್ದು 55! 1967ರಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಮಾಡಿದ ಪ್ರಯೋಗಗಳ ಲೆಕ್ಕ ಇದು. ಬಿಡಿಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಹೇಳಿಸಿ, ಮುಖದ ಫೋಟೊ ತೋರಿಸಿ, ಹೇಳಿದವರಿಗೆ ಒಲವಿದೆಯೋ ಮುನಿಸಿದೆಯೋ ಅಂತ ಕೇಳಿದ್ದರು. ಭಾವನೆಯ ಮಾತಿಗಷ್ಟೇ ಇದು ಹೊಂದುತ್ತೆ, ಎಲ್ಲದಕ್ಕೂ ಹಚ್ಚಬೇಡಿ ಅಂತ ಅವರೇ ಹೇಳಿದ್ದಾರೆ. ಆದರೆ ಅದನ್ನು ಪದಗಳಲ್ಲಿ ಹೇಳಿಬಿಟ್ಟರಲ್ಲ, ಶೇ. 7 ಜನಕ್ಕಷ್ಟೇ ಮುಟ್ಟಿತೋ ಏನೋ.

ನಮ್ಮ ಅಕೌಂಟ್ಸಿನ ರಾಯರು ಕೈ ಎತ್ತಿದರು. “ಸಾರ್, ಮಾತಿಗೆ 7 ಪರ್ಸೆಂಟು, ನಿಮ್ಮ ಬಿಲ್ಲಲ್ಲಿ ಜಿಎಸ್‌ಟಿ 18 ಪರ್ಸೆಂಟು. ಮಾತಿಗಿಂತ ಟ್ಯಾಕ್ಸೇ ಜಾಸ್ತಿ ಆಯ್ತಲ್ಲ?”

ಗುರುಗಳು ಶೇ. 55ರಷ್ಟು ನಕ್ಕು ಮುಂದಿನ ಸ್ಲೈಡಿಗೆ ಹೋದರು. ಅದರಲ್ಲಿ ‘ಪರದೆಯ ಮೇಲಿರುವುದನ್ನು ಓದಿ ಹೇಳಬೇಡಿ’ ಎಂದಿತ್ತು. ಅದನ್ನೂ ಓದಿಯೇ ಹೇಳಿದರು.

ಊಟದ ನಂತರ ಮೆದುಳಿನ ರಾಸಾಯನಿಕಗಳ ಸರದಿ. ಕುತೂಹಲ ಕೆರಳಿಸಿದರೆ ಡೋಪಮಿನ್, ಕತೆ ಹೇಳಿದರೆ ಆಕ್ಸಿಟೋಸಿನ್, ಹೆದರಿಸಿದರೆ ಮೆದುಳಿನೊಳಗಿನ ಭಯದ ಗಂಟೆ ಅಮಿಗ್ಡಲಾ. ಇಷ್ಟು ಸಾಲದು ಅಂತ ಪ್ರತಿ ಗ್ರಾಹಕನ ತಲೆಯೊಳಗೂ ಒಂದು ಸರೀಸೃಪ ಕೂತಿದೆಯಂತೆ, ತೀರ್ಮಾನವೆಲ್ಲ ಅದರದ್ದೇ. 1960ರ ದಶಕದಲ್ಲಿ ನರವಿಜ್ಞಾನಿ ಪಾಲ್ ಮ್ಯಾಕ್ಲೀನ್ ಕಟ್ಟಿದ ಮೂರಂತಸ್ತಿನ ಮೆದುಳಿನ ನೆಲಮಹಡಿ ಅದು. ಮೆದುಳು ಶಾಸ್ತ್ರದವರು ಆ ಕಟ್ಟಡ ಖಾಲಿ ಮಾಡಿ ಎಷ್ಟೋ ಕಾಲವಾಯಿತು, ತರಬೇತಿಯವರು ಮಾತ್ರ ಇನ್ನೂ ಬಾಡಿಗೆಗಿದ್ದಾರೆ. ಒಳಗಿನ ಹಲ್ಲಿ ಲೊಚಗುಟ್ಟಿದರೆ ಡೀಲ್ ಕುದುರಿತು ಅಂತ ಲೆಕ್ಕ. ನಮ್ಮ ಪಂಚಾಂಗದಲ್ಲೂ ಹೀಗೇ ಇದೆ, ಬೆಲೆ ಮಾತ್ರ ಕಮ್ಮಿ.

ನನಗೆ ನೆನಪಾದದ್ದು ನಮ್ಮೂರ ಸಂತೆಯ ಎಣ್ಣೆ ಮಾರುವವನು. ಬುಟ್ಟಿಯಲ್ಲಿ ಹಾವು, ಗೂಟಕ್ಕೆ ಕಟ್ಟಿದ ಮುಂಗುಸಿ. “ಈಗ ಬಿಡ್ತೀನಿ ನೋಡಿ, ಹಾವು ಮುಂಗುಸಿ ಜಗಳ!” ಅಂತ ಬುಟ್ಟಿಯ ಮುಚ್ಚಳಕ್ಕೆ ಕೈಯಿಟ್ಟು, ಹಾಗೇ ಹಿಂದಕ್ಕೆ ತೆಗೆದು, ಮಂಡಿನೋವಿನಿಂದ ಮೂಲೆ ಹಿಡಿದಿದ್ದ ತನ್ನ ತಾಯಿಯ ಕತೆ ಶುರುಮಾಡುತ್ತಿದ್ದ. ಯಾರಾದರೂ ಜಾಗ ಬಿಟ್ಟು ಹೊರಟರೋ, “ಮಧ್ಯದಲ್ಲಿ ಎದ್ದು ಹೋದೋರು ರಕ್ತ ಕಾರ್ತಾರೆ!” ಡೋಪಮಿನ್, ಆಕ್ಸಿಟೋಸಿನ್, ಅಮಿಗ್ಡಲಾ ಮೂರೂ ಒಂದೇ ಉಸಿರಲ್ಲಿ. ಸರೀಸೃಪವನ್ನಂತೂ ಬುಟ್ಟಿಯಲ್ಲೇ ತಂದಿರುತ್ತಿದ್ದ. ಆ ಜಗಳವನ್ನು ನಾನು ಇವತ್ತಿನವರೆಗೆ ನೋಡಿಲ್ಲ. ನಮ್ಮಪ್ಪ ಎರಡು ಬಾಟಲಿ ಎಣ್ಣೆ ತಂದಿದ್ದರು.

ಕೊನೆಯ ಸ್ಲೈಡಿನಲ್ಲಿ ಒಂದು ಸ್ಕ್ಯಾನ್. ಕತ್ತಲೆಯಲ್ಲಿ ಮೆದುಳು, ಅಲ್ಲಲ್ಲಿ ಕೆಂಡದಂಥ ಚುಕ್ಕಿ. “ಇದು ಒಳ್ಳೆ ಪ್ರೆಸೆಂಟೇಶನ್ ಕೇಳ್ತಿರೋ ಬ್ರೇನು!” ಹಾಲಿನಲ್ಲಿ ಉದ್ಗಾರ. ನನ್ನ ತಲೆಗೆ ಹೊಳೆದದ್ದು ಮಾತ್ರ ಸತ್ತ ಮೀನು. ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಜೊತೆಗಾರರು ಸತ್ತುಹೋದ ಸಾಲ್ಮನ್ ಮೀನೊಂದನ್ನು ಮೆದುಳಿನ ಚಟುವಟಿಕೆಯ ಚಿತ್ರ ತೆಗೆಯುವ ಎಫ್‌ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಜನರ ಫೋಟೊ ತೋರಿಸಿ, “ಇವರ ಮನಸ್ಸಿನಲ್ಲಿ ಏನಿದೆ, ಹೇಳಪ್ಪ” ಅಂತ ವಿಚಾರಿಸಿದ್ದರು. ಮೀನಿನ ಮೆದುಳಲ್ಲೂ ಚುಕ್ಕಿ ಹೊಳೆಯಿತು! ಸಾವಿರಾರು ಬಿಂದುಗಳನ್ನು ಒಟ್ಟಿಗೆ ತಡಕುವಾಗ ಲೆಕ್ಕ ಬಿಗಿ ಮಾಡದಿದ್ದರೆ ಹೆಣಕ್ಕೂ ಭಾವನೆ ಬರುತ್ತದೆ ಅಂತ ತೋರಿಸಲಿಕ್ಕೇ ಮಾಡಿದ ಪ್ರಯೋಗ ಅದು. 2012ರಲ್ಲಿ ಅದಕ್ಕೆ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಬಂತು.

ಅದಕ್ಕೂ ಮುಂಚೆ, 2008ರಲ್ಲಿ, ಯೇಲ್ ವಿಶ್ವವಿದ್ಯಾಲಯದವರು ಇನ್ನೊಂದು ಕೆಲಸ ಮಾಡಿದ್ದರು. ಅರ್ಥವಿಲ್ಲದ ವಿವರಣೆಗೆ ಸಂಬಂಧವೇ ಇಲ್ಲದ ಮೆದುಳಿನ ಮಾತು ಸೇರಿಸಿ ಜನರಿಗೆ ಕೊಟ್ಟರು. ಹಳಸಿದ ಸಾರಿಗೆ ಇಂಗಿನ ಒಗ್ಗರಣೆ ಬಿದ್ದಂತೆ, ಅದೇ ವಿವರಣೆ ಈಗ ರುಚಿಯೆನಿಸಿತು. ನ್ಯೂರೋಸೈನ್ಸ್ ತರಗತಿಯ ವಿದ್ಯಾರ್ಥಿಗಳೂ ಚಪ್ಪರಿಸಿದರು. ಮೂಗು ಮುಚ್ಚಿಕೊಂಡವರು ಆ ಶಾಸ್ತ್ರದಲ್ಲಿ ಪಳಗಿದವರು ಮಾತ್ರ.

ನಮ್ಮ ರಾಯರದು ಲೆಕ್ಕಪತ್ರದ ಶಾಸ್ತ್ರ, ಆದರೂ ಮೂಗು ಚುರುಕು. ರೆಕಾರ್ಡ್ ರೂಮಿನ ಚಾವಣಿ ಸೋರುತ್ತಿದೆ ಅಂತ ಅವರು ಮೂರು ಮಳೆಗಾಲದಿಂದ ಅರ್ಜಿ ಬರೆಯುತ್ತಲೇ ಇದ್ದರು, ಮ್ಯಾನೇಜರು ‘ನೋಡೋಣ’ ಅನ್ನುತ್ತಲೇ ಇದ್ದರು. ಕಾರ್ಯಾಗಾರ ಮುಗಿದ ವಾರ ರಾಯರು ಮೀಟಿಂಗಿಗೆ ಒಂದೇ ಒಂದು ಸ್ಲೈಡ್ ತಂದರು. ನೀಲಿ ಬೆಳಕಿನಲ್ಲಿ ಹೊಳೆಯುವ ಮೆದುಳು, ಕೆಳಗೆ ‘ಸೋರುವ ಚಾವಣಿ ಮತ್ತು ಸಿಬ್ಬಂದಿಯ ಕಾರ್ಟಿಸಾಲ್’ (ಒತ್ತಡವಾದಾಗ ಏರುವ ಹಾರ್ಮೋನು). ಮ್ಯಾನೇಜರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ರಾಯರೇ, ಇದನ್ನ ಮೊದಲೇ ಹೀಗೆ ಹೇಳೋದಲ್ವಾ?” ಅಂದು ಅಲ್ಲೇ ಸಹಿ ಹಾಕಿದರು.

ಸಂಜೆ ಬೈ-ಟೂ ಕಾಫಿ ಹೀರುತ್ತ ಕೇಳಿದೆ, “ಆ ಸ್ಕ್ಯಾನ್ ಎಲ್ಲಿ ಸಿಕ್ಕಿತು ರಾಯರೇ?”

“ಯಾವ ಸ್ಕ್ಯಾನು? ಅಕ್ರೋಟು ಕಣ್ರೀ ಅದು. ಮಗಳು ದೀಪಾವಳಿಗೆ ಕೊಟ್ಟ ಡಬ್ಬಿಯಲ್ಲಿತ್ತು. ಸೊಳ್ಳೆ ಕೊಲ್ಲೋ ನೀಲಿ ಲೈಟಿನ ಪಕ್ಕ ಇಟ್ಟು ಮೊಬೈಲಲ್ಲಿ ಫೋಟೊ ಹೊಡೆದೆ. ಆಮೇಲೆ ತಿಂದೆ.”