ವಿಮಾನದ ಮೆಕ್ಯಾನಿಕ್‌ನನ್ನೂ ಹುಡುಕಬೇಕು

ಯುದ್ಧದಲ್ಲಿ ವಿಮಾನ ಬಿತ್ತು ಅಂದರೆ ಪೈಲಟ್ ಯಾರು ಅಂತ ಎಲ್ಲರೂ ಕೇಳುತ್ತಾರೆ. ಜೊತೆಯಲ್ಲಿ ಕೂತಿದ್ದ ಮೆಕ್ಯಾನಿಕ್ ಯಾರು ಅಂತ ಕೇಳುವವರು ಕಡಿಮೆ. ಎರಡನೇ ಮಹಾಯುದ್ಧದ 'ಹಂಪ್' ಹಾರಾಟದ, ಅಂದರೆ ಹಿಮಾಲಯದ ಪೂರ್ವ ತುದಿಯ ಬೆಟ್ಟ ದಾಟಿ ಚೀನಾಕ್ಕೆ ಸಾಮಾನು ಸಾಗಿಸಿದ ಹಾರಾಟದ ಬಗ್ಗೆ ಓದಿದಷ್ಟೂ ನನಗೆ ಇದೇ ಜಾಸ್ತಿ ಕಾಡುತ್ತದೆ.

1942ರಲ್ಲಿ ಜಪಾನ್ ಬರ್ಮಾ ಹಿಡಿಯಿತು. ಚೀನಾಕ್ಕೆ ಸಾಮಾನು ಹೋಗುತ್ತಿದ್ದ ರಸ್ತೆ ಮುಚ್ಚಿತು. ಆಮೇಲೆ ಪೆಟ್ರೋಲು, ಮದ್ದುಗುಂಡು ಎಲ್ಲವನ್ನೂ ಅಮೆರಿಕನ್ನರು ವಿಮಾನದಲ್ಲೇ ಸಾಗಿಸಿದರು. ಅಸ್ಸಾಮಿನ ಚಬುವಾ, ದಿಂಜಾನ್, ಜೋರ್ಹಾಟ್‌ನಂಥ ಕಡೆಯಿಂದ ಹೊರಟು, ಬೆಟ್ಟಸಾಲು ದಾಟಿ ಚೀನಾದ ಕುನ್ಮಿಂಗ್‌ಗೆ. 1945ರ ತನಕ ಸುಮಾರು 6.5 ಲಕ್ಷ ಟನ್ ಸಾಗಿತು. ಸುಮಾರು 600 ವಿಮಾನಗಳು ಬಿದ್ದವು ಇಲ್ಲವೇ ಕಾಣೆಯಾದವು. 1,600ಕ್ಕೂ ಹೆಚ್ಚು ಜನ ಸತ್ತರು ಇಲ್ಲವೇ ಕಾಣೆಯಾದರು. ಶತ್ರುವಿನ ಗುಂಡಿಗಿಂತ ಹಿಮ, ಬಿರುಗಾಳಿ, ಯಂತ್ರದ ತೊಂದರೆಗೇ ಬಲಿಯಾದವರು ಹೆಚ್ಚು.

ಆ ಯಂತ್ರಗಳ ಕೆಲಸ ಹೇಗಿತ್ತು ನೋಡಿ. ಅಸ್ಸಾಮಿನ ಬಿಸಿಲಿಗೆ ವಿಮಾನದ ಮೈ ಕಾದು ಕೈ ಇಡೋಕೆ ಆಗುತ್ತಿರಲಿಲ್ಲ. ಹಾಗಾಗಿ ಎಷ್ಟೋ ರಿಪೇರಿ ರಾತ್ರಿಯೇ ನಡೆಯುತ್ತಿತ್ತು. ಮಳೆಗಾಲದಲ್ಲಿ ಬಯಲಲ್ಲೇ ನೆನೆಯುತ್ತಾ ಎಂಜಿನ್ ಬಿಚ್ಚಬೇಕಿತ್ತು. 1943ರಲ್ಲಿ ಸಿ-46 ಅನ್ನೋ ದೊಡ್ಡ ಸಾಗಣೆ ವಿಮಾನವನ್ನು ದೋಷಗಳೆಲ್ಲ ತೀರುವ ಮೊದಲೇ ಇಲ್ಲಿಗೆ ಕಳಿಸಿದರು. ಅದರ ರೆಕ್ಕೆಯೊಳಗೆ ಪೆಟ್ರೋಲು ಸೋರಿ ನಿಲ್ಲುತ್ತಿತ್ತು. ಒಂದು ಕಿಡಿ ಸಾಕಿತ್ತು. 1943ರ ಮೇ ತಿಂಗಳಿಂದ 1945ರ ಮಾರ್ಚ್ ಒಳಗೆ 31 ಸಿ-46ಗಳು ಹಾರುತ್ತಿರುವಾಗಲೇ ಹೊತ್ತಿಕೊಂಡವು ಅಥವಾ ಸಿಡಿದವು. ರೆಕ್ಕೆಯೊಳಗೆ ಗಾಳಿಯಾಡುವ ವ್ಯವಸ್ಥೆ ಬಂದ ಮೇಲೆ ಇದು ಹತೋಟಿಗೆ ಬಂತು.

ಇಂಥ ವಿಮಾನದಲ್ಲಿ ಎಷ್ಟೋ ಸಲ ಮೆಕ್ಯಾನಿಕ್ ಕೂಡ ಹೋಗುತ್ತಿದ್ದ. ಯಾವ ಎಂಜಿನ್ ಎಣ್ಣೆ ಕುಡಿಯುತ್ತದೆ, ಯಾವ ಪೈಪು ಸೋರುತ್ತದೆ ಅಂತ ಅವನಿಗೆ ಗೊತ್ತಿರುತ್ತಿತ್ತು. ಗೊತ್ತಿದ್ದೂ ಹತ್ತಿ ಕೂರುತ್ತಿದ್ದ. ಪೈಲಟ್ ಧೈರ್ಯಕ್ಕಿಂತ ಇದು ಒಂದು ಕೈ ಮೇಲೆ ಅಂತಲೇ ನಾನು ಹೇಳುತ್ತೇನೆ.

ಬೆಂಗಳೂರಿನವರಿಗೂ ಈ ಕಥೆಯಲ್ಲಿ ಪಾಲಿದೆ. 1940ರಲ್ಲಿ ಮೈಸೂರು ಸರ್ಕಾರದ ನೆರವಿನಿಂದ ವಾಲ್‌ಚಂದ್ ಹೀರಾಚಂದ್ ಶುರು ಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ಸೇನೆಯ ಕೈಗೆ ಹೋಯಿತು. ಅವರ ವಿಮಾನ, ಎಂಜಿನ್‌ಗಳು ದುರಸ್ತಿಗೆ ಇಲ್ಲಿಗೇ ಬರುತ್ತಿದ್ದವು. ನಮ್ಮ ಊರಿನ ಕೆಲಸಗಾರರ ಕೈಗೂ ಅದೇ ಗ್ರೀಸ್ ಅಂಟಿತ್ತು. ಅವರ ಬಗ್ಗೆಯೂ ನಾವು ಬರೆದಿದ್ದು ತೀರಾ ಕಡಿಮೆ.

ಕಾಣೆಯಾದವರ ಹೆಸರುಗಳನ್ನು ಮನಿಲಾದ ಅಮೆರಿಕನ್ ಸಮಾಧಿ ಸ್ಥಳದ ಗೋಡೆಗಳಲ್ಲಿ ಕೆತ್ತಿದ್ದಾರೆ. ಯಾರದಾದರೂ ಗುರುತು ಸಿಕ್ಕರೆ ಆ ಹೆಸರಿನ ಪಕ್ಕ ಒಂದು ಪುಟ್ಟ ಹೂವಿನ ಗುರುತು ಹಾಕುತ್ತಾರೆ. ಅರುಣಾಚಲದ ಕಾಡಿನಲ್ಲಿ ಈಗಲೂ ಅವಶೇಷಗಳಿವೆ. ಎಂಜಿನ್ ಮೇಲಿನ ನಂಬರಿನಿಂದ ವಿಮಾನ ಯಾವುದು ಅಂತ ತಿಳಿಯುತ್ತದೆ, ತಾಯಿಯ ಕಡೆಯ ಬಂಧುಗಳ ಡಿಎನ್‌ಎಯಿಂದ ಮನುಷ್ಯ ಯಾರು ಅಂತ. ಗಡಿಯ ಸೂಕ್ಷ್ಮದಿಂದಾಗಿ ಈ ಹುಡುಕಾಟ ಕೆಲವು ವರ್ಷ ನಿಂತೇ ಹೋಗಿತ್ತು. 2016ರಲ್ಲಿ ದೆಹಲಿಯಿಂದ ಕೆಲವರ ಅವಶೇಷಗಳನ್ನು ಗೌರವದಿಂದ ಕಳಿಸಿಕೊಟ್ಟೆವು. ಒಳ್ಳೆಯ ಕೆಲಸ.

ಇಷ್ಟು ವರ್ಷವಾದ ಮೇಲೆ ಯಾಕೆ, ದುಡ್ಡು ದಂಡ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಾಣೆಯಾದವನ ಮನೆಯಲ್ಲಿ ತಿಥಿ ಯಾವತ್ತು ಮಾಡಬೇಕು ಅಂತಲೂ ಗೊತ್ತಾಗುವುದಿಲ್ಲ. ಆ ಸಂಕಟಕ್ಕೆ ಲೆಕ್ಕ ಹಾಕಿ ಇಷ್ಟು ಸಾಕು ಅನ್ನೋಕೆ ನಾವ್ಯಾರು?

ನಮ್ಮದೇ ಉದಾಹರಣೆ ಇದೆ. 1968ರ ಫೆಬ್ರವರಿ 7ರಂದು ಚಂಡೀಗಢದಿಂದ ಲೇಹ್‌ಗೆ ಹೊರಟ ವಾಯುಪಡೆಯ ಎಎನ್-12 ಸಾಗಣೆ ವಿಮಾನ 102 ಜನರೊಂದಿಗೆ ಕಾಣೆಯಾಯಿತು. ಅದು ಯುದ್ಧದ ಸಮಯವಲ್ಲ, ಆದರೆ ಹೋದವರು ಸೈನಿಕರೇ. 2003ರಲ್ಲಿ ಹಿಮಾಚಲದ ಲಾಹೌಲ್‌ನ ಹಿಮದಲ್ಲಿ ಅದರ ಅವಶೇಷ ಸಿಕ್ಕಿತು. 2024ರಲ್ಲಿ ಇನ್ನೂ ನಾಲ್ವರ ದೇಹ ಸಿಕ್ಕವು. ಅವರಲ್ಲೊಬ್ಬ ಕೇರಳದ ಹುಡುಗ, ಸೇನೆಯ ಯಂತ್ರಗಳನ್ನು ನೋಡಿಕೊಳ್ಳುವ ಇಎಂಇ ವಿಭಾಗದ ಕ್ರಾಫ್ಟ್ಸ್‌ಮನ್. 56 ವರ್ಷದ ನಂತರ ಊರಿಗೆ ಬಂದ. ತಂದವರು ಸೇನೆಯ ಡೋಗ್ರಾ ಸ್ಕೌಟ್ಸ್ ಮತ್ತು ತಿರಂಗಾ ಮೌಂಟನ್ ರೆಸ್ಕ್ಯೂ ತಂಡದವರು. ಆದರೂ 90ಕ್ಕೂ ಹೆಚ್ಚು ಜನ ಆ ಹಿಮದಲ್ಲೇ ಉಳಿದಿದ್ದರು. ಹಿಮ ಕರಗುವ ಪ್ರತಿ ಬೇಸಿಗೆಯಲ್ಲೂ ಅಲ್ಲಿಗೆ ತಂಡ ಹೋಗಬೇಕು. ಅದಕ್ಕೆ ಬೇಕಾದ ಹಣ, ಜನ, ಸಲಕರಣೆಯನ್ನು ಯಾರಾದರೂ ಕೇಳುವ ಮೊದಲೇ ಸರ್ಕಾರ ಕೊಡಬೇಕು.