ಚಾಕುವಿಗೆ ಪರದೆ, ಸ್ಯಾಂಡ್‌ವಿಚ್‌ಗೆ ಪಾತ್ರ

ದಕ್ಷಿಣ ಕೊರಿಯಾದ ಟೀವಿ ಧಾರಾವಾಹಿಯಲ್ಲಿ ಕೊಲೆಗಾರನೊಬ್ಬ ಕತ್ತಲ ಗಲ್ಲಿಯಲ್ಲಿ ಅಮಾಯಕನ ಕುತ್ತಿಗೆಗೆ ಚಾಕು ಒತ್ತಿದನೆಂದರೆ, ಎಷ್ಟೋ ಸಲ ಚಾಕು ಇರಬೇಕಾದ ಜಾಗದಲ್ಲಿ ಚೌಕ ಚೌಕವಾದ ಮಬ್ಬೊಂದು ತೇಲುತ್ತಿರುತ್ತದೆ. ಅವನ ಕಣ್ಣಿನ ಕ್ರೌರ್ಯಕ್ಕೆ ಅಡ್ಡಿಯಿಲ್ಲ, ಸಿಕ್ಕಿಬಿದ್ದವನ ಚೀರಾಟಕ್ಕೆ ಅಡ್ಡಿಯಿಲ್ಲ, ಹಿನ್ನೆಲೆಯ ಪಿಟೀಲಿಗೂ ಅಡ್ಡಿಯಿಲ್ಲ. ಗೇಣುದ್ದದ ಉಕ್ಕಿನ ತುಂಡೊಂದು ಮಾತ್ರ ಸಮಾಜದ ಸ್ವಾಸ್ಥ್ಯವನ್ನು ಕೆಡಿಸುತ್ತದೆಂಬ ನಂಬಿಕೆಯಿಂದ ಅದನ್ನು ಕಲಸಿ ತೋರಿಸಲಾಗುತ್ತದೆ. ಹೊಸದಾಗಿ ನೋಡುವವರು ತಮ್ಮ ಮನೆಯ ಇಂಟರ್ನೆಟ್ಟೇ ಕೈಕೊಟ್ಟಿತೆಂದು ತಿಳಿದು ಪೆಟ್ಟಿಗೆಯನ್ನು ಆರಿಸಿ ಮತ್ತೆ ಹಚ್ಚಿದರೆ ಅವರನ್ನು ದೂರುವಂತಿಲ್ಲ.

ಸಿಗರೇಟಿನ ಗತಿಯೂ ಇದೇ. ಅಲ್ಲಿನ ಪ್ರಮುಖ ಪ್ರಸಾರ ವಾಹಿನಿಗಳು 2000ದ ದಶಕದ ಆರಂಭದಲ್ಲಿಯೇ ತಮ್ಮ ಧಾರಾವಾಹಿಗಳಿಂದ ಧೂಮಪಾನವನ್ನು ಗಡೀಪಾರು ಮಾಡಿದವು. ಅಂದಿನಿಂದ ಅಲ್ಲಿನ ಭೂಗತ ದೊರೆಗಳು ಸಿಗರೇಟನ್ನು ತುಟಿಯವರೆಗೆ ಒಯ್ದು, ಹಚ್ಚದೆ, ಏನೋ ನೆನಪಾದವರಂತೆ ಜೇಬಿಗಿಳಿಸುವ ಕಠಿಣ ಅಭಿನಯವನ್ನು ಕರಗತ ಮಾಡಿಕೊಂಡಿದ್ದಾರೆ. ಹಳೆಯ ಸಿನಿಮಾಗಳು ಟೀವಿಗೆ ಬಂದಾಗ ಸಿಗರೇಟಿನ ತುದಿ ಮಬ್ಬಾಗುತ್ತದೆ, ಅದರ ಹೊಗೆ ಮಾತ್ರ ನಾಯಕನ ತಲೆಯ ಸುತ್ತ ನಿರಾತಂಕವಾಗಿ ಸುಳಿಯುತ್ತದೆ. ಪರದೆಯ ಮೂಲೆಯಲ್ಲಿ ಮೂಡುವ ‘ಧೂಮಪಾನ ಆರೋಗ್ಯಕ್ಕೆ ಹಾನಿಕರ’ ಎಂಬ ಎಚ್ಚರಿಕೆಯನ್ನು ಓದುತ್ತಲೇ ಬೆಳೆದ ನಮಗೆ, ಯಾವುದರ ಬಗ್ಗೆ ಎಚ್ಚರಿಸುತ್ತಿದ್ದಾರೆ ಎಂಬುದಾದರೂ ಕಾಣುತ್ತದೆಂಬ ಸಮಾಧಾನವಿದೆ.

ಹಚ್ಚೆಯ ವಿಷಯ ಇನ್ನೂ ಸ್ವಾರಸ್ಯಕರ. ಹಚ್ಚೆ ಹಾಕುವುದು ವೈದ್ಯಕೀಯ ಕ್ರಿಯೆ ಎಂದು ಅಲ್ಲಿನ ಸುಪ್ರೀಂ ಕೋರ್ಟು 1992ರಲ್ಲಿ ತೀರ್ಮಾನಿಸಿತ್ತು. ಅಂದರೆ ತೋಳಿನ ಮೇಲೊಂದು ಗುಲಾಬಿ ಬೇಕಿದ್ದರೆ ಕಾನೂನಿನ ಪ್ರಕಾರ ವೈದ್ಯರ ಬಳಿಗೇ ಹೋಗಬೇಕಿತ್ತು. ವೈದ್ಯರಲ್ಲದವರಿಗೂ ಪರವಾನಗಿ ನೀಡುವ ಕಾಯ್ದೆಗೆ ಸಂಸತ್ತಿನ ಒಪ್ಪಿಗೆ ಸಿಕ್ಕಿದ್ದು 2025ರ ಸೆಪ್ಟೆಂಬರಿನಲ್ಲಿ. ಈ ನಡುವಿನ ವರ್ಷಗಳಲ್ಲಿ ಹಾಡುವ ಹುಡುಗರು ಹಚ್ಚೆಯ ಮೇಲೆ ಮೈಬಣ್ಣದ ಪಟ್ಟಿ ಅಂಟಿಸಿಕೊಂಡು, ಊರೆಲ್ಲ ಬಿದ್ದು ಗಾಯ ಮಾಡಿಕೊಂಡವರಂತೆ ಕ್ಯಾಮೆರಾ ಮುಂದೆ ಕೂತು ನಗುತ್ತಿದ್ದರು.

ಇಷ್ಟೆಲ್ಲ ಮಡಿವಂತಿಕೆಯ ನಡುವೆ ಹಸಿರು ಬಾಟಲಿಯ ಸೋಜು ಎಂಬ ಮದ್ಯ ಮಾತ್ರ ಕಂತಿಗೊಮ್ಮೆಯಾದರೂ ಗಂಟಲಿಗಿಳಿಯುತ್ತದೆ. ಕೆಲಸ ಹೋದರೂ ಸೋಜು, ಬಡ್ತಿ ಸಿಕ್ಕರೂ ಸೋಜು, ಹತ್ತು ವರ್ಷದ ಹಿಂದೆ ಬಿಟ್ಟುಹೋದ ಪ್ರೇಯಸಿ ಪಕ್ಕದ ಮನೆಗೆ ಬಾಡಿಗೆಗೆ ಬಂದರೂ ಸೋಜು. ಶೇಕಡಾ 17ರಷ್ಟು ಅಥವಾ ಅದಕ್ಕಿಂತ ಹೆಚ್ಚು ಮದ್ಯಾಂಶವಿರುವ ಪಾನೀಯದ ಜಾಹೀರಾತನ್ನು ಟೀವಿಯಲ್ಲಿ ತೋರಿಸಬಾರದೆಂದೂ, ಅದಕ್ಕಿಂತ ಸೌಮ್ಯವಾದದ್ದನ್ನು ರಾತ್ರಿ 10ರ ನಂತರ ತೋರಿಸಬಹುದೆಂದೂ ಕಾನೂನಿದೆ. ಕೊರಿಯಾದ ರಸಾಯನಶಾಸ್ತ್ರಜ್ಞರ ಪ್ರತಿಭೆಯನ್ನು ಕಡೆಗಣಿಸುವಂತಿಲ್ಲ: 2019ರ ಹೊತ್ತಿಗೆ ಪ್ರಮುಖ ಸೋಜುವೊಂದರ ಮದ್ಯಾಂಶ ಶೇಕಡಾ 16.9ಕ್ಕೆ ಬಂದು ನಿಂತಿತು.

ಚಾಕು, ಸಿಗರೇಟು, ಹಚ್ಚೆಗಳನ್ನು ಹೀಗೆ ಮಬ್ಬು ಮಾಡಿದ ಮೇಲೆ ಪರದೆಯಲ್ಲಿ ಉಳಿದ ಜಾಗವನ್ನು ತುಂಬಬೇಕಲ್ಲವೇ? 2010ರಲ್ಲಿ ಸರ್ಕಾರವು ಕಥೆಯೊಳಗೆ ಸರಕನ್ನು ತೂರಿಸುವುದಕ್ಕೆ, ಕೊರಿಯಾದವರು ಪಿಪಿಎಲ್ ಎಂದು ಕರೆಯುವ ಕಲೆಗೆ, ವಿಧ್ಯುಕ್ತ ಅನುಮತಿ ಕೊಟ್ಟಿತು. ಅನುಮತಿಯ ಜೊತೆಗೆ ಅಳತೆಪಟ್ಟಿಯನ್ನೂ ಕೊಟ್ಟಿತು. ಸರಕು ಪರದೆಯ ಕಾಲು ಭಾಗಕ್ಕಿಂತ ಹೆಚ್ಚು ಜಾಗ ಹಿಡಿಯಬಾರದು; ಕಾರ್ಯಕ್ರಮದ ಅವಧಿಯಲ್ಲಿ ಶೇಕಡಾ 5ಕ್ಕಿಂತ ಹೆಚ್ಚು ಹೊತ್ತು ಕಾಣಿಸಿಕೊಳ್ಳಬಾರದು; ಪಾತ್ರಗಳು ಅದರ ಹೆಸರೆತ್ತಿ ‘ಕೊಂಡುಕೊಳ್ಳಿ’ ಎಂದು ಶಿಫಾರಸು ಮಾಡಬಾರದು. ಎಪ್ಪತ್ತು ನಿಮಿಷದ ಕಂತಿಗೆ ಆಗಿನ ನಿಯಮದಂತೆ ಮೂರೂವರೆ ನಿಮಿಷ ಲೆಕ್ಕಕ್ಕೆ ಸಿಗುತ್ತಿತ್ತು. ಎರಡನೆಯ ನಾಯಕಿಗೆ ಇಷ್ಟು ಹೊತ್ತು ಕೊಡುವುದಕ್ಕೆ ಹಿಂದೆಮುಂದೆ ನೋಡುವ ನಿರ್ದೇಶಕರಿದ್ದಾರೆ.

ಹೀಗಾಗಿ ಕೆ-ಡ್ರಾಮಾದ ಪ್ರಪಂಚದಲ್ಲಿ ಯಾವ ಕೇಡು ಸಂಭವಿಸಿದರೂ ಪಾತ್ರಗಳು ಮೊದಲು ಸಬ್‌ವೇ ಎಂಬ ಸ್ಯಾಂಡ್‌ವಿಚ್ ಅಂಗಡಿಗೆ ಹೋಗುತ್ತವೆ. ಅಣ್ಣತಮ್ಮಂದಿರು ಕಿಮ್ಚಿ, ಸೊಪ್ಪಿನ ಪಲ್ಯ, ಹುದುಗಿಸಿದ ಸೋಯಾ ಸಾರು ತುಂಬಿದ ಊಟದ ಮೇಜನ್ನು ಬಿಟ್ಟು ಎದ್ದು, ಹೃದಯದ ಭಾರ ಇಳಿಸಿಕೊಳ್ಳಲು ಅಮೆರಿಕದ ಸ್ಯಾಂಡ್‌ವಿಚ್ಚಿನ ಮೊರೆಹೋಗುತ್ತಾರೆ. ಅಲ್ಲಿ ದೃಶ್ಯದ ವೇಗ ಇದ್ದಕ್ಕಿದ್ದಂತೆ ತಗ್ಗುತ್ತದೆ. ಬ್ರೆಡ್ ಯಾವುದು, ತರಕಾರಿಯಲ್ಲಿ ಏನನ್ನು ಬಿಡಬೇಕು, ಸಾಸ್ ಎಷ್ಟು ಎಂಬ ಪ್ರಶ್ನೋತ್ತರಗಳು ಪೊಲೀಸ್ ವಿಚಾರಣೆಗಿಂತ ಕೂಲಂಕಷವಾಗಿ ನಡೆಯುತ್ತವೆ. ಬ್ರೆಡ್ಡಿನ ಅಂಚಿನಿಂದ ಲೆಟ್ಯೂಸ್ ಎಲೆ ಇಣುಕುತ್ತದೆ, ಕಾಗದ ಸರಸರ ಬಿಚ್ಚಿಕೊಳ್ಳುತ್ತದೆ, ಅಂಗಡಿಯ ಗುರುತು ಸರಿಯಾಗಿ ಕ್ಯಾಮೆರಾದ ಕಡೆಗೇ ತಿರುಗಿರುತ್ತದೆ, ನಾಯಕ ದೊಡ್ಡದೊಂದು ತುತ್ತು ಕಚ್ಚಿದ ಮೇಲಷ್ಟೇ ಅಮ್ಮನಿಗೆ ಕ್ಯಾನ್ಸರ್ ಎಂಬ ಸುದ್ದಿಯನ್ನು ತಂಗಿ ಹೇಳುತ್ತಾಳೆ. ಹೆಸರು ಹೇಳಬಾರದೆಂಬ ನಿಯಮ ಇಲ್ಲಿ ಅಕ್ಷರಶಃ ಪಾಲನೆಯಾಗಿದೆ. ಬಾಯಿ ತುಂಬಿರುವಾಗ ಹೆಸರು ಹೇಳುವುದಾದರೂ ಹೇಗೆ?

2016ರಲ್ಲಿ ಕೆಬಿಎಸ್ ವಾಹಿನಿಯಲ್ಲಿ ಪ್ರಸಾರವಾಗಿ ಏಷ್ಯಾದ ಉದ್ದಗಲಕ್ಕೂ ಜನರನ್ನು ಹುಚ್ಚೆಬ್ಬಿಸಿದ ‘ಡಿಸೆಂಡೆಂಟ್ಸ್ ಆಫ್ ದಿ ಸನ್’ ಈ ಕಲೆಯ ಶಿಖರ. ಅದರಲ್ಲಿ ಸೇನೆಯ ಸಾರ್ಜೆಂಟನೊಬ್ಬ ಕಾರು ಓಡಿಸುತ್ತಾ, ಪಕ್ಕದಲ್ಲಿ ಕುಳಿತ ಸೇನಾ ವೈದ್ಯೆಯ ಮೇಲಿನ ಪ್ರೇಮ ಉಕ್ಕಿಬಂದಾಗ, ಸ್ಟೀರಿಂಗಿನ ಮೇಲಿನ ಗುಂಡಿಯೊಂದನ್ನು ಒತ್ತಿ, ಕಾರನ್ನು ತನ್ನಷ್ಟಕ್ಕೆ ಓಡಲು ಬಿಟ್ಟು, ಅವಳತ್ತ ಬಾಗಿ ಮುತ್ತಿಡುತ್ತಾನೆ. ಚಾಕುವಿನ ಚಿತ್ರ ಕಂಡರೆ ಜನ ಕೆಡುತ್ತಾರೆಂದು ಹೆದರುವ ದೇಶದಲ್ಲಿ, ಓಡುವ ಕಾರಿನ ಚಾಲಕ ರಸ್ತೆ ಬಿಟ್ಟು ಬೇರೆಡೆ ನೋಡುವ ದೃಶ್ಯಕ್ಕೆ ಮಬ್ಬಿನ ಅಗತ್ಯ ಯಾರಿಗೂ ಕಾಣಲಿಲ್ಲ. ಕಾರು ಅಷ್ಟು ಚೆನ್ನಾಗಿ ತೊಳೆದಿತ್ತು.

ಐತಿಹಾಸಿಕ ಕಥೆಗಳಾದರೂ ಪಾರಾದವೇ ಎಂದರೆ ಅದೂ ಇಲ್ಲ. ಜೋಸೋನ್ ಎಂಬ ಅಂದಿನ ಕೊರಿಯಾ ರಾಜ್ಯ ಜಪಾನಿನ ಹಿಡಿತಕ್ಕೆ ಸಿಗುತ್ತಿದ್ದ ಕಾಲದ ಕಥೆಯಾದ 2018ರ ‘ಮಿಸ್ಟರ್ ಸನ್‌ಶೈನ್’ನಲ್ಲಿ, ದೇಶ ಕೈತಪ್ಪುತ್ತಿರುವ ಹೊತ್ತಿಗೂ ರಾಜಧಾನಿಯಲ್ಲಿ ‘ಫ್ರೆಂಚ್ ಬೇಕರಿ’ಯೊಂದು ಥಳಥಳಿಸುತ್ತಿರುತ್ತದೆ. ಅದರ ಹಿಂದಿದ್ದ ಪ್ರಾಯೋಜಕ ಪ್ಯಾರಿಸ್ ಬಗೆಟ್ ಎಂಬ ಅಪ್ಪಟ ಕೊರಿಯನ್ ಕಂಪನಿ. ಅದು ಹುಟ್ಟಿದ್ದು 1980ರ ದಶಕದಲ್ಲಿ. ಎರಡು ವರ್ಷದ ನಂತರ ಬಂದ ‘ದಿ ಕಿಂಗ್: ಎಟರ್ನಲ್ ಮೊನಾರ್ಕ್’ನಲ್ಲಂತೂ ಸಮಾನಾಂತರ ಜಗತ್ತಿನಿಂದ ಬಿಳಿ ಕುದುರೆಯೇರಿ ಬಂದ ಚಕ್ರವರ್ತಿಯು, ಅಂಗಡಿಯಿಂದ ತಂದ ಕಾಫಿಯನ್ನು ಗುಟುಕರಿಸಿ ಇದು ತನ್ನ ಅರಮನೆಯ ಕಾಫಿಗೆ ಸಮನಾಗಿದೆಯೆಂದು ಅಪ್ಪಣೆ ಕೊಡಿಸುತ್ತಾನೆ. ಅಲ್ಲಿನ ವೀಕ್ಷಕರು ಕಥೆಯನ್ನು ಬಿಟ್ಟು ಸರಕುಗಳನ್ನು ಎಣಿಸಲು ಕೂತದ್ದು ಅದೇ ಧಾರಾವಾಹಿಯ ಕಾಲದಲ್ಲಿ.

ಹಣ ಕೊಡದ ಸರಕಿಗೆ ಈ ರಾಜಮರ್ಯಾದೆ ಇಲ್ಲ. ಲ್ಯಾಪ್‌ಟಾಪಿನ ಬೆನ್ನಿಗೆ ಸ್ಟಿಕರು, ನೀರಿನ ಬಾಟಲಿಗೆ ಸುಳ್ಳು ಚೀಟಿ, ಟೀ ಶರ್ಟಿನ ಎದೆಗೆ ಕಪ್ಪು ಪಟ್ಟಿ. ಇದರಿಂದ ಅಭಿಮಾನಿಗೆ ಒಂದು ಉಪಕಾರವಾಗಿದೆ: ಮಬ್ಬಾಗಿರುವುದು ಒಂದೋ ಅಪರಾಧ, ಇಲ್ಲವೇ ಬಾಕಿದಾರ, ನಿಚ್ಚಳವಾಗಿ ಕಾಣುವುದಕ್ಕೆ ರಸೀದಿ ಇದೆ.

ಕಂತಿನ ನಡುವೆ ಜಾಹೀರಾತು ಹಾಕುವುದಕ್ಕೆ ಅಲ್ಲಿನ ಪ್ರಮುಖ ಪ್ರಸಾರ ವಾಹಿನಿಗಳಿಗೆ 2021ರ ಜುಲೈವರೆಗೂ ನಿಷೇಧವಿತ್ತು. ಕಾನೂನು ಚಾಪೆಯ ಕೆಳಗೆ ತೂರಿದರೆ ವಾಹಿನಿಗಳು ರಂಗೋಲಿಯ ಕೆಳಗೆ ತೂರಿದವು. ಎಪ್ಪತ್ತು ನಿಮಿಷದ ಒಂದು ಕಂತನ್ನು ಮಧ್ಯಕ್ಕೆ ಕತ್ತರಿಸಿ, ಮೊದಲರ್ಧವನ್ನು ಒಂದನೆಯ ಕಂತು, ಉಳಿದರ್ಧವನ್ನು ಎರಡನೆಯ ಕಂತು ಎಂದು ನಾಮಕರಣ ಮಾಡಿ, ನಡುವೆ ಒಂದು ನಿಮಿಷ ಜಾಹೀರಾತು ಹಾಕಿ, ಇದು ಕಂತಿನ ನಡುವಿನದ್ದಲ್ಲ, ಎರಡು ಕಂತುಗಳ ನಡುವಿನದ್ದು ಎಂದು ಗಂಭೀರವಾಗಿ ವಾದಿಸಿದವು. ಹದಿನಾರು ಕಂತಿನ ಪ್ರೇಮಕಥೆ ರಾತ್ರೋರಾತ್ರಿ ಮೂವತ್ತೆರಡು ಕಂತಿನದಾಯಿತು. ಪ್ರೇಮ ಇದ್ದಷ್ಟೇ ಇತ್ತು.

ಹಾಗೆಂದು ನಾನು ನೋಡುವುದನ್ನು ಬಿಟ್ಟಿದ್ದೇನೆಂದು ಯಾರೂ ತಿಳಿಯಬೇಕಾಗಿಲ್ಲ. ಖಾರದ ಸಾಸಿನಲ್ಲಿ ಹೊಳೆಯುವ ಟೊಕ್‌ಬೊಕ್ಕಿ ಎಂಬ ಅಕ್ಕಿಯ ತಿನಿಸನ್ನು ಬಿಸಿಯಿರುವಾಗಲೇ ಬಾಯಿಗಿಟ್ಟು ಉಸ್ಸೆನ್ನುವ ನಾಯಕಿಯನ್ನು ಕಂಡರೆ ಬೆಂಗಳೂರಿನಲ್ಲಿ ಕೂತ ನನ್ನ ನಾಲಗೆಯೂ ನೀರಾಡುತ್ತದೆ, ಮತ್ತು ಇಂದು ಇಲ್ಲಿನ ಸೂಪರ್‌ಮಾರ್ಕೆಟ್ಟುಗಳಲ್ಲಿ ಕೊರಿಯನ್ ರಾಮ್ಯನ್ ನೂಡಲ್ಸ್ ಪೊಟ್ಟಣಗಳು ನಮ್ಮ ಶಾವಿಗೆಯ ಪಕ್ಕದಲ್ಲೇ ರಾಜಾರೋಷವಾಗಿ ಕೂತಿವೆ. ವಿಚಿತ್ರವೆಂದರೆ ನಿಜವಾಗಿ ಮನಸ್ಸಿಗಿಳಿದದ್ದು ಅಳತೆಪಟ್ಟಿ ಹಿಡಿದು ತೂರಿಸಿದ ಸರಕಲ್ಲ. ‘ಮೈ ಲವ್ ಫ್ರಮ್ ದಿ ಸ್ಟಾರ್’ ಧಾರಾವಾಹಿಯಲ್ಲಿ ನಟಿ ಜುನ್ ಜಿ-ಹ್ಯೂನ್ ಮೊದಲ ಹಿಮ ಬಿದ್ದ ದಿನ ಕರಿದ ಕೋಳಿ ಮತ್ತು ಬಿಯರ್ ಬೇಕೆಂದು ಹಂಬಲಿಸಿದ್ದೇ ತಡ, 2014ರಲ್ಲಿ ಚೀನಾದ ಜನ ಹಕ್ಕಿಜ್ವರದ ಭೀತಿಯ ನಡುವೆಯೂ ಕೋಳಿಯಂಗಡಿಗಳ ಮುಂದೆ ಸಾಲುಗಟ್ಟಿದರು. ‘ಪ್ಯಾರಸೈಟ್’ ಸಿನಿಮಾ 2020ರಲ್ಲಿ ಆಸ್ಕರ್ ಗೆದ್ದಾಗ, ಎರಡು ಬಗೆಯ ಅಗ್ಗದ ನೂಡಲ್ಸನ್ನು ಬೆರೆಸಿ ಮೇಲೆ ದುಬಾರಿ ಗೋಮಾಂಸ ಹಾಕಿದ ಆ ತಟ್ಟೆಯನ್ನು ಮಾಡುವ ಬಗೆಯನ್ನು ಜಗತ್ತಿಗೆ ಕಲಿಸಲು ನೂಡಲ್ಸ್ ಕಂಪನಿಯೇ ಓಡೋಡಿ ಬಂತು. ಶ್ರೀಮಂತರ ಮನೆಯ ಹಸಿವನ್ನೂ ಅಡುಗೆಯವಳ ಗಡಿಬಿಡಿಯನ್ನೂ ತಿಳಿದು ಬರೆದ ದೃಶ್ಯಕ್ಕೆ ಪರದೆಯ ಕಾಲುಭಾಗದ ಲೆಕ್ಕ ಬೇಕಾಗಲಿಲ್ಲ.

ಆದರೂ ಕೊರಿಯಾದ ವೀಕ್ಷಕರು ಎಲ್ಲವನ್ನೂ ಸಹಿಸುತ್ತಾರೆಂದು ಹೇಳುವಂತಿಲ್ಲ. 2021ರ ಮಾರ್ಚಿನಲ್ಲಿ ‘ವಿನ್ಸೆಂಜೊ’ ಧಾರಾವಾಹಿಯ ಮಾಫಿಯಾ ವಕೀಲನ ಪಾತ್ರದ ನಟ ಸಾಂಗ್ ಜೂಂಗ್-ಕಿಯ ಕೈಗೆ ಬಿಬಿಂಬಾಪ್ ಎಂಬ ಅಪ್ಪಟ ಕೊರಿಯನ್ ಕಲಸನ್ನದ ಪೊಟ್ಟಣವೊಂದು ಬಂತು. ಅದರ ಮೇಲಿದ್ದದ್ದು ಚೀನೀ ಕಂಪನಿಯ ಹೆಸರು. ಆತ ಅದೇ ಕಥೆಯುದ್ದಕ್ಕೂ ಮಾಡಿದ ಕೊಲೆಗಳನ್ನು ಕ್ಷಮಿಸಿದ್ದ ಜನ ಈ ಊಟವನ್ನು ಕ್ಷಮಿಸಲಿಲ್ಲ. ಅದೇ ಧಾರಾವಾಹಿಯಲ್ಲಿ ಕೊಪಿಕೊ ಎಂಬ ಇಂಡೋನೇಷ್ಯಾದ ಕಾಫಿ ಪೆಪ್ಪರಮೆಂಟು ಆಗಾಗ ಕಾಣಿಸಿಕೊಂಡಿತು. ಅದಕ್ಕೆ ಅಂಥ ಗದ್ದಲವೇನೂ ಆಗಲಿಲ್ಲ. ಕೊನೆಗೆ ಬಿಬಿಂಬಾಪಿನ ದೃಶ್ಯವನ್ನು ಆನ್‌ಲೈನ್ ಪ್ರತಿಯಿಂದ ಕತ್ತರಿಸಿ ತೆಗೆಯಲಾಯಿತು. ಹೀಗಾಗಿ ಇಂದು ಆ ಕಂತನ್ನು ನೋಡುವವರಿಗೆ ವಕೀಲ ಸಾಹೇಬರ ಆ ಊಟದ ಸುಳಿವೇ ಸಿಗುವುದಿಲ್ಲ. ಪೆಪ್ಪರಮೆಂಟಿಗೆ ಮಾತ್ರ ಕೊರತೆಯಿಲ್ಲ.