ಸಮುದ್ರ ಎಡಗಡೆಗೆ ಬರುತ್ತೆ

ಬೆಳಿಗ್ಗೆ ಏಳಕ್ಕೇ ಕಾರಿನವನ ಫೋನ್. “ಸಾರ್, ಎಷ್ಟು ಜನ ಅಂತ ಹೇಳ್ಬಿಡಿ. ನಾಲ್ಕು ಅಂದ್ರೆ ಚಿಕ್ಕ ಗಾಡಿ, ಏಳು ಅಂದ್ರೆ ಇನ್ನೋವಾ. ಇನ್ನೋವಾನ ಬೇರೆ ಪಾರ್ಟಿ ಕೇಳ್ತಾ ಅವ್ರೆ.” ಬಾಯಲ್ಲಿ ಬ್ರಷ್ ಇತ್ತು. ಸಂಜೆ ಹೇಳ್ತೀನಿ ಅಂದೆ. ಇದು ನಾನು ಅವನಿಗೆ ಕೊಟ್ಟಿರುವ ಆರನೇ ಸಂಜೆ. ಅವನು ಬೈಯಲಿಲ್ಲ. “ಆಯ್ತು ಸಾರ್” ಅಂದ, ಆ ‘ಸಾರ್’ ಮಾತ್ರ ಸ್ವಲ್ಪ ಎಳೆದ. ಬೈದಿದ್ದರೇ ಚೆನ್ನಾಗಿತ್ತು.

ನಾಲ್ಕೋ ಏಳೋ ಅನ್ನುವುದು ನನಗೆ ಗೊತ್ತಿದ್ದರೆ ತಾನೇ ಹೇಳುವುದು? ಮೈಸೂರಿನ ಕಡೆ ನಾವು ನಾಲ್ಕು ಜನ. ನಾನು, ಹೆಂಡತಿ, ಮಗ, ಅಮ್ಮ. ಇದರಲ್ಲಿ ಗೊಂದಲವಿಲ್ಲ. ಉಳಿದ ಮೂರು ಜನ ಮಂಡ್ಯದಲ್ಲಿದ್ದಾರೆ. ಹೆಂಡತಿಯ ಅಕ್ಕ, ಅವರ ಮಗಳು, ಮತ್ತೆ ನನ್ನ ಷಡ್ಡಕ. ಅಕ್ಕ ಆಗಲೇ ಬ್ಯಾಗಿನ ಜಿಪ್ ರಿಪೇರಿ ಮಾಡಿಸಿದ್ದಾರೆ. ಮಗಳು ಕಾಲೇಜಿಗೆ ರಜಾ ಚೀಟಿ ಬರೆದು ಇಟ್ಟುಕೊಂಡಿದ್ದಾಳೆ, ಕಾರಣ ‘ಜ್ವರ’ ಅಂತ. ಷಡ್ಡಕರು ಮಾತ್ರ “ನೋಡೋಣ” ಅಂದಿದ್ದಾರೆ.

ಈ ಕಡೆಯವರಿಗೆ ಆ ಪದವನ್ನು ನಾನೇನು ಬಿಡಿಸಿ ಹೇಳಬೇಕಾಗಿಲ್ಲ. ‘ಇಲ್ಲ’ ಅಂದರೆ ಎದುರಿನವರ ಮುಖ ಸಣ್ಣದಾಗುತ್ತೆ. ‘ಹೂಂ’ ಅಂದರೆ ಹೋಗಬೇಕಾಗುತ್ತೆ. ಇವೆರಡರ ನಡುವೆ ಒಂದು ಜಗಲಿ ಇದೆ, ಅಲ್ಲಿ ಕಾಲು ನೀಡಿಕೊಂಡು ಕೂರುವುದಕ್ಕೆ ‘ನೋಡೋಣ’ ಅಂತ ಹೆಸರು. ಅದರಲ್ಲೂ ದರ್ಜೆಗಳಿವೆ. ಬರೀ “ನೋಡೋಣ” ಆದರೆ ಇನ್ನೂ ಆಸೆ ಇಟ್ಟುಕೊಳ್ಳಬಹುದು. “ನೋಡೋಣಂತೆ” ಆದರೆ ವಿಷಯ ಮುಂದಿನ ತಿಂಗಳಿಗೆ ಹೋಯಿತು. “ನೋಡೋಣ ಬಿಡಿ” ಅಂದರೆ ನೋಡುವುದು ಮುಗಿದು ಬಿಡುವುದು ಮಾತ್ರ ಉಳಿದಿದೆ ಅಂತ. “ನೋಡೋಣ, ದೇವರಿದ್ದಾನೆ” ಅಂದುಬಿಟ್ಟರೆ ಮುಗಿದೇ ಹೋಯಿತು, ಆಮೇಲೆ ನೀವು ಕಾರಿನವನ ಹತ್ತಿರ ಅಲ್ಲ, ಸೀದಾ ಚಾಮುಂಡಿ ಬೆಟ್ಟ ಹತ್ತಿ ಅಲ್ಲೇ ಮಾತಾಡಬೇಕು. ನಮ್ಮ ಷಡ್ಡಕರು ಒಂದೇ ಫೋನಿನಲ್ಲಿ ನಾಲ್ಕನ್ನೂ ಬಳಸಬಲ್ಲರು. ಹೆಣ್ಣು ನೋಡೋಕೆ ಹೋದಾಗ ಒಪ್ಪಿಗೆನಾ ಅಂತ ಕೇಳಿದ್ದಕ್ಕೂ “ನೋಡೋಣ” ಅಂದಿದ್ದರಂತೆ. ಆಗಷ್ಟೇ ನೋಡಿ, ಉಪ್ಪಿಟ್ಟು ತಿಂದು, ಎರಡನೇ ಲೋಟ ಕಾಫಿ ಕೈಯಲ್ಲಿ ಹಿಡಿದುಕೊಂಡು. ಅಕ್ಕ ಇವತ್ತಿಗೂ ಅದನ್ನು ಮರೆತಿಲ್ಲ.

ಪ್ಲಾನು ನನ್ನದೇ. ಮಡಿಕೇರಿ ದಾಟಿ, ಸಂಪಾಜೆ ಘಾಟಿ ಇಳಿದು, ಸುಳ್ಯ, ಪುತ್ತೂರು, ಮಂಗಳೂರು. ಅಲ್ಲಿಂದ 66ನೇ ಹೆದ್ದಾರಿ ಹಿಡಿದು ಉತ್ತರಕ್ಕೆ. ಎಡಗಡೆ ಸಮುದ್ರ, ಬಲಗಡೆ ದೂರದಲ್ಲಿ ಘಟ್ಟ, ಐದೈದು ನಿಮಿಷಕ್ಕೆ ಒಂದು ಹೊಳೆ, ಹೊಳೆಗೊಂದು ಸೇತುವೆ. ಕಾಪುವಿನಲ್ಲಿ 1901ರ ದೀಪಸ್ತಂಭ ಹತ್ತಿ ಸೂರ್ಯಾಸ್ತ ನೋಡುವುದು. ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರಿಸ್ ದ್ವೀಪ. ಆಮೇಲೆ ಮರವಂತೆ, ಮುರುಡೇಶ್ವರ, ಗೋಕರ್ಣ. ವಾಪಸ್ಸು ಬರುವಾಗ ಹೊನ್ನಾವರದಲ್ಲಿ ತಿರುಗಿ ಗೇರುಸೊಪ್ಪೆ ಮೇಲೆ ಜೋಗ, ಶಿವಮೊಗ್ಗ. ಮಗನಿಗೆ ಮೂಲ್ಕಿಯಲ್ಲಿ ಸರ್ಫಿಂಗ್ ಕಲಿಯಬೇಕಂತೆ, ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ ಮಾಡಬೇಕಂತೆ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮೀನು ನೋಡೋದು. ಇವನು ಇವತ್ತಿನವರೆಗೆ ಈಜಿರುವುದು ಬಲಮುರಿಯಲ್ಲಿ, ಅದೂ ಮಂಡಿಯುದ್ದದ ನೀರಲ್ಲಿ ಕೂತು. ಹೆಂಡತಿಗೆ ಗೋಕರ್ಣದಲ್ಲಿ ಕುಡ್ಲೆಯಿಂದ ಓಂ ಬೀಚು, ಅಲ್ಲಿಂದ ಹಾಫ್ ಮೂನ್, ಪ್ಯಾರಡೈಸ್ ಅಂತ ಗುಡ್ಡ ಹತ್ತಿ ಇಳಿದು ನಡೆಯುವ ಆಸೆ. ಶೂ ಬೇರೆ ತಗೊಂಡಾಗಿದೆ. ದುಡ್ಡು ಕೊಟ್ಟವನು ನಾನು, ಹಾಗಾಗಿ ನನಗೂ ಹೋಗಲೇಬೇಕು ಅನಿಸಿದೆ.

ಆದರೆ ಮೈಸೂರಿನವರಿಗೆ ಕರಾವಳಿಗೆ ಹೋಗೋಕೆ ದಿನ ಸಿಗುವುದೇ ಕಷ್ಟ. ಮಳೆಗಾಲದಲ್ಲಿ ಕಡಲು ಕೆರಳಿರುತ್ತೆ, ದ್ವೀಪಕ್ಕೆ ದೋಣಿ ಬಿಡಲ್ಲ. ದಸರಾ ರಜೆಯಲ್ಲಿ ಇಡೀ ರಾಜ್ಯದ ಜನ ಪ್ರವಾಸ ಹೋಗ್ತಾರೆ, ನಾವು ಮಾತ್ರ ಹೋಗೋಹಾಗಿಲ್ಲ. ಯಾಕಂದ್ರೆ ಅವರೆಲ್ಲ ಬರೋದು ನಮ್ಮ ಮನೆಗೆ. ಜಂಬೂಸವಾರಿ ನೋಡೋಕೆ ಬಂದ ನೆಂಟರಿಗೆ ಹಾಸಿಗೆ ಹಾಸಿ, ನಾವು ಅಡುಗೆಮನೆ ಬಾಗಿಲಲ್ಲಿ ಮಲಗಿರ್ತೀವಿ. ಡಿಸೆಂಬರ್ ಕೊನೆಯಲ್ಲಿ ಗೋಕರ್ಣದ ರೂಮಿನ ಬಾಡಿಗೆ ಕೇಳಿದರೆ ಶಿವನೂ ಮನೆ ಬದಲಾಯಿಸ್ತಾನೆ. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ನಿಂತ ಕಡೆಯೇ ಬೆವರು ಇಳಿಯುತ್ತೆ, ಸಮುದ್ರ ಬೇರೆ ಬೇಕಾಗಿಲ್ಲ. ಅಂತೂ ಜನವರಿ ಕೊನೆಯ ನಾಲ್ಕು ದಿನ ಸಿಕ್ಕಿತು. ಅದಕ್ಕೂ ನೋಡೋಣ.

ಭಾನುವಾರ ಎಲ್ಲರನ್ನೂ ಮನೆಗೆ ಊಟಕ್ಕೆ ಕರೆದೆ. ಇವತ್ತು ತೀರ್ಮಾನ ಆಗಿಯೇ ಏಳಬೇಕು ಅಂತ. ಷಡ್ಡಕರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದರು, ಒಂದು ಪೊಟ್ಟಣ ಮದ್ದೂರು ವಡೆ ತಂದರು. ಪ್ರವಾಸದ ದಿನ ಬೆಳಿಗ್ಗೆ ಹೀಗೇ ಬಿಸಿ ಬಿಸಿ ವಡೆ ತರ್ತೀನಿ ಅಂದರು. ಮಂಡ್ಯದಿಂದ ಮದ್ದೂರು 20 ಕಿಲೋಮೀಟರು ಬೆಂಗಳೂರಿನ ಕಡೆಗೆ, ನಾವು ಹೋಗಬೇಕಾದದ್ದು ಮಂಗಳೂರಿನ ಕಡೆಗೆ. “ಅಣ್ಣಾ, ಹಾಗಾದ್ರೆ ನೀವು ಬರೋದು ಗ್ಯಾರಂಟಿ ತಾನೇ?” ಅಂತ ಹಿಡಿದೆ. “ವಡೆ ಗ್ಯಾರಂಟಿ. ಮಿಕ್ಕಿದ್ದು ನೋಡೋಣ.”

ಊಟಕ್ಕೆ ಮೊದಲು ಯಾರು ಎಲ್ಲಿ ಕೂರಬೇಕು ಅಂತ ಮಾತು ಬಂತು. ಬಾಯಲ್ಲಿ ಹೇಳಿದರೆ ಗೊತ್ತಾಗಲ್ಲ ಅಂತ ಷಡ್ಡಕರೇ ಎದ್ದು ಹಾಲಿನಲ್ಲಿ ಕುರ್ಚಿ ಜೋಡಿಸಿದರು. ಮುಂದೆ ಎರಡು, ಮಧ್ಯದಲ್ಲಿ ಮೂರು, ಹಿಂದೆ ಮೂರು. ಡೈನಿಂಗ್ ಟೇಬಲ್ಲಿನ ಆರು ಕುರ್ಚಿ, ಒಂದು ಪ್ಲಾಸ್ಟಿಕ್ ಸ್ಟೂಲು, ಡ್ರೈವರ್ ಸೀಟಿಗೆ ಮಗನ ಕಂಪ್ಯೂಟರ್ ಕುರ್ಚಿ, ಚಕ್ರ ಇರೋದು. ಕೂತು ನೋಡಿ ಅಂದರು. ಕೂತೆವು. ನಗಬೇಡಿ, ನಿಮ್ಮ ಮನೆಯಲ್ಲೂ ಇಂಥವರು ಒಬ್ಬರು ಇರ್ತಾರೆ. ವಾಂತಿ ಮಾಡುವವರಿಗೆ ಮುಂದಿನ ಸೀಟು ಅಂತ ನಿಯಮವಾಯಿತು, ಅವರ ಮಗಳು ಮುಂದೆ ಹೋದಳು. “ಈಗ ಸಂಪಾಜೆ ಘಾಟಿ” ಅಂದರು, ಎಡಕ್ಕೆ ವಾಲಿದರು. ನಾವೂ ವಾಲಿದೆವು. “ಬಲಕ್ಕೆ.” ಬಲಕ್ಕೆ ವಾಲಿದೆವು. ಸ್ಟೂಲಿನ ಮೇಲಿದ್ದ ನನಗೆ ಒರಗಿಕೊಳ್ಳೋಕೆ ಏನೂ ಇರಲಿಲ್ಲ, ಹಿಂದೆ ಡಿಕ್ಕಿಯೊಳಗೆ ಬಿದ್ದೆ. ಅದೇ ಹೊತ್ತಿಗೆ ಪಕ್ಕದ ಮನೆಯ ಮೇಷ್ಟ್ರು ಪೇಪರ್ ಕೇಳೋಕೆ ಬಂದರು. ಬಾಗಿಲು ತೆರೆದೇ ಇತ್ತು. ಡ್ರೈವರ್ ಇಲ್ಲದ ಗಾಡಿಯಲ್ಲಿ ಆರು ಜನ ಟಿವಿ ಸ್ಟ್ಯಾಂಡಿನ ಕಡೆ ಮುಖ ಮಾಡಿ ಕೂತಿದ್ದೇವೆ, ಏಳನೆಯವನು ನೆಲದ ಮೇಲೆ. ಟಿವಿ ಆಫ್ ಆಗಿದೆ. ಮೇಷ್ಟ್ರು ಸ್ವಲ್ಪ ಹೊತ್ತು ನಿಂತರು. “ಪೂಜೆನಾ?” ಅಂದರು. ಯಾರಿಗೂ ಉತ್ತರ ಹೊಳೆಯಲಿಲ್ಲ. “ಆಮೇಲೆ ಬರ್ತೀನಿ” ಅಂತ ಹೊರಟೇಬಿಟ್ಟರು. ಇವತ್ತು ಬೆಳಿಗ್ಗೆ ಗೇಟಿನ ಹತ್ತಿರ ಸಿಕ್ಕಾಗಲೂ ಪೇಪರ್ ಕೇಳಲಿಲ್ಲ.

ಇಷ್ಟರಲ್ಲಿ ಅಮ್ಮ ಎದ್ದರು. ಅವರು ಅಭ್ಯಾಸಬಲದಿಂದ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತಿದ್ದರು. ಬಸ್ಸಿರಲಿ ಕಾರಿರಲಿ ಅವರದು ಅದೇ ಜಾಗ. ಮುಂದೆ ಕೂತರೆ ಎದುರಿಗೆ ಬರುವ ಲಾರಿಯೆಲ್ಲ ತಮ್ಮ ಮೇಲೇ ಬರುತ್ತೆ ಅಂತ ಭಯ. ಎದ್ದವರು ಮಧ್ಯದ ಸಾಲಿನ ಎಡಗಡೆ ಕುರ್ಚಿಯ ಹತ್ತಿರ ಹೋಗಿ ನಿಂತರು. “ಸಮುದ್ರ ಯಾವ ಕಡೆ ಬರುತ್ತೆ?” ಅಂತ ಕೇಳಿದರು. ಎಡಗಡೆಗೆ ಅಂದೆ. “ಹಾಗಾದ್ರೆ ನಾನಿಲ್ಲಿ ಕೂರ್ತೀನಿ. ನಾನು ಮರವಂತೆ ಅರ್ಧ ನೋಡಿದೀನಿ.”

ಅದೊಂದು ಹಳೇ ಕಥೆ. ನಾನು ಹುಟ್ಟುವ ಮೊದಲು ಊರಿನವರೆಲ್ಲ ಬಸ್ಸು ಮಾಡಿಕೊಂಡು ಧರ್ಮಸ್ಥಳ, ಉಡುಪಿ, ಗೋಕರ್ಣ ಅಂತ ಹೋಗಿದ್ದರು. ಮರವಂತೆಯಲ್ಲಿ ರಸ್ತೆಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ರಸ್ತೆ ಮಾತ್ರ. ಇಂಥ ಜಾಗ ಬರುತ್ತೆ ಅಂತ ಹೊರಟಾಗಿನಿಂದ ಎಲ್ಲರೂ ಹೇಳ್ತಾನೇ ಇದ್ದರಂತೆ. ಬಂದಾಗ ಸಂಜೆ ನಾಲ್ಕು ಗಂಟೆ. ಪಡುವಣದ ಬಿಸಿಲು ಮುಖಕ್ಕೆ ಹೊಡೆಯುತ್ತೆ ಅಂತ ಎಡಗಡೆ ಕೂತವರೆಲ್ಲ ಕಿಟಕಿಗೆ ಟವೆಲ್ ಕಟ್ಟಿ ಗೊರಕೆ ಹೊಡೆಯುತ್ತಿದ್ದರು. ಅಮ್ಮ ಬಲಗಡೆ, ಡ್ರೈವರ್ ಹಿಂದೆ. ನದಿ ಕಂಡಿತು, ದೋಣಿ ಕಂಡಿತು, ತೆಂಗಿನ ಮರ ಕಂಡಿತು. ಸಮುದ್ರದ ಕಡೆ ಕಂಡಿದ್ದು ಟವೆಲ್ಲು. ಹೊಸ ಸೊಸೆ, ಹಿರಿಯರನ್ನು ಎಬ್ಬಿಸಿ ಟವೆಲ್ ಬಿಚ್ಚಿ ಅಂತ ಹೇಗೆ ಹೇಳೋದು. ಗೋಕರ್ಣದಲ್ಲಿ ಸಮುದ್ರ ನೋಡಿದರು, ಸ್ನಾನವನ್ನೂ ಮಾಡಿದರು. ಆದರೆ ಎರಡೂ ಕಡೆ ನೀರಿರುವ ಆ ರಸ್ತೆ ಮಾತ್ರ ಅವರ ಲೆಕ್ಕದಲ್ಲಿ ಇನ್ನೂ ಅರ್ಧ ಬಾಕಿ. ನಾನು ಈ ಕಥೆಯನ್ನು ಎಷ್ಟೋ ಸಲ ಕೇಳಿದ್ದೇನೆ. ಪ್ರತಿ ಸಲವೂ ಮೊಬೈಲ್ ನೋಡುತ್ತಾ “ಹೋಗೋಣಮ್ಮ” ಅಂದಿದ್ದೇನೆ. ಅದು ಕೂಡ ನೋಡೋಣದ ತಮ್ಮನೇ ಇರಬೇಕು.

ಅಮ್ಮ ಅಷ್ಟು ಹೇಳಿ ಊಟಕ್ಕೆ ಎಲೆ ಹಾಕೋಕೆ ಒಳಗೆ ಹೋದರು. ಷಡ್ಡಕರು ಕೈ ತೊಳೆಯೋಕೆ ಹೋಗುವ ಮುಂಚೆ ಏನು ಮಾಡಿದರು ಗೊತ್ತಾ? ಹೆಗಲಿನ ಟವೆಲ್ ತೆಗೆದು ಅದೇ ಎಡಗಡೆ ಕುರ್ಚಿಯ ಮೇಲೆ ಹಾಕಿದರು. ಮಂಡ್ಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಹಾಕ್ತಾರಲ್ಲ, ಹಾಗೆ. ಬರ್ತೀನಿ ಅಂತ ಇನ್ನೂ ಹೇಳಿಲ್ಲ, ಕಿಟಕಿ ಸೀಟು ಹಿಡಿದಾಯಿತು!

ಊಟದಲ್ಲಿ ಮಗ ತನ್ನ ಬ್ರಹ್ಮಾಸ್ತ್ರ ತೆಗೆದ. ಸೇಂಟ್ ಮೇರಿಸ್ ದ್ವೀಪದ ಕಲ್ಲಿನ ಕಂಬಗಳ ಚಿತ್ರ ತೋರಿಸಿ, “ದೊಡ್ಡಪ್ಪ, ಯಾರೂ ಕೆತ್ತಿದ್ದಲ್ಲ ಇದು. ಲಾವಾ ಆರಿ ಹೀಗೆ ಮೂಲೆ ಮೂಲೆಯಾಗಿ ಸೀಳಿರೋದು. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು, ಸುಮಾರು 8.8 ಕೋಟಿ ವರ್ಷ ಹಳೇದು” ಅಂದ. ಷಡ್ಡಕರು ಸಾರಿನ ಅನ್ನ ಕಲೆಸುತ್ತಾ ಚಿತ್ರವನ್ನು ಗೌರವದಿಂದಲೇ ನೋಡಿದರು. “8.8 ಕೋಟಿ ವರ್ಷದಿಂದ ಅಲ್ಲೇ ಐತೆ ಅಂದ್ರೆ ಮುಂದಿನ ವರ್ಷನೂ ಇರ್ತದೆ ಬಿಡು ಮಗ. ನೋಡೋಣ.”

ಕಲ್ಲು ಇರುತ್ತೆ ಅಣ್ಣಾ, ನಮ್ಮ ಮಂಡಿ ಇರಬೇಕಲ್ವಾ ಅಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು. ಹೆಂಡತಿ ಮೊಸರಿನ ಪಾತ್ರೆ ತಂದು ನಮ್ಮಿಬ್ಬರ ನಡುವೆ ಇಟ್ಟಳು.

ಸಂಜೆ ಕುಂದಾಪುರದ ಹತ್ತಿರದ ಹೋಂಸ್ಟೇಗೆ ಫೋನ್ ಮಾಡಿದೆ, ಕನಿಷ್ಠ ರೂಮಾದರೂ ಖಾತ್ರಿಯಾಗಲಿ ಅಂತ. ಸಮುದ್ರದ ಕಡೆ ಕಿಟಕಿ ಇರುವ ರೂಮು ಸಿಗುತ್ತಾ ಅಂತ ಕೇಳಿದೆ. ಆ ಕಡೆಯಿಂದ ಬಹಳ ಮೃದುವಾಗಿ, “ಕಾಂಬ” ಅಂದರು. ಹಾಗಂದ್ರೆ? “ಕಾಂಬ ಅಂದ್ರೆ, ನಿಮ್ಮ ಬದಿ ಹೇಳ್ತ್ರಲ್ಲ, ನೋಡೋಣ.” ಘಟ್ಟ ಇಳಿದರೂ ತಪ್ಪಲಿಲ್ಲ. ಫೋನ್ ಇಟ್ಟು ತಲೆ ಹಿಡಿದುಕೊಂಡೆ. ಷಡ್ಡಕರು ಮಾತ್ರ ಒಳ್ಳೆ ಜನ ಅಂದರು.

ಹೊರಡುವಾಗ ಗೇಟಿನ ಹತ್ತಿರ ಅವರೇ ನನ್ನನ್ನು ಪಕ್ಕಕ್ಕೆ ಕರೆದರು. “ಬರಬಾರದು ಅಂತಲ್ಲ ಕಣಪ್ಪ. ಕಬ್ಬು ಕಡಿಯೋರು ಯಾವತ್ತು ಬರ್ತಾರೋ ಗೊತ್ತಿಲ್ಲ. ನಾನಿಲ್ದೆ ಇರೋವಾಗ ಬಂದು ವಾಪಸ್ ಹೋದ್ರೆ ಇನ್ನು ಒಂದು ತಿಂಗಳು ಸಿಕ್ಕಲ್ಲ.” ಊರಲ್ಲಿ ಅವರಿಗೆ ಎರಡು ಎಕರೆ ಇದೆ. ನಾಲೆಗೆ ನೀರು ಯಾವಾಗ ಬಿಡ್ತಾರೆ ಅನ್ನುವುದು ಅವರ ಕೈಯಲ್ಲಿಲ್ಲ. ಕೆ.ಆರ್.ಎಸ್. 124.80 ಅಡಿ ತುಂಬಿದರೆ ಒಂದು ಮಾತು, ತುಂಬದಿದ್ದರೆ ಇನ್ನೊಂದು. ಆಳು ಬರೋದು, ರೇಟು ಕಟ್ಟೋದು, ದುಡ್ಡು ಕೈಗೆ ಸೇರೋದು, ಯಾವುದಕ್ಕೂ ಅವರ ಹತ್ತಿರ ತಾರೀಖು ಇರಲ್ಲ. ನನಗೆ ತಿಂಗಳ ಕೊನೆಗೆ ಸಂಬಳ ಬರುತ್ತೆ, ನಾನು ಸುಮ್ನೆ ‘ಹೂಂ ಅಂತೀರೋ ಇಲ್ವೋ’ ಅಂತ ಕೂಗಾಡ್ತೀನಿ. ಒಂದು ಕ್ಷಣ ಬೇಜಾರಾಯಿತು. ಸರಿ ಅಣ್ಣಾ, ಯಾವಾಗ ಹೇಳ್ತೀರಿ ಅಂತ ಮೆತ್ತಗೆ ಕೇಳಿದೆ. “ನೋಡೋಣಂತೆ” ಅಂದು ಗಾಡಿ ಹತ್ತಿದರು. ಬೇಜಾರು ಹಾಗೇ ಇಳಿಯಿತು.

ಸಿಟ್ಟಿನಲ್ಲಿ ಕುರ್ಚಿಗಳನ್ನು ನಾನು ಎತ್ತಿಡಲಿಲ್ಲ. ರಾತ್ರಿ ನೀರು ಕುಡಿಯೋಕೆ ಎದ್ದಾಗ ಕತ್ತಲಲ್ಲಿ ಹಿಂದಿನ ಸಾಲಿಗೆ ಮೊಣಕಾಲು ಬಡಿದುಕೊಂಡೆ. ಬೆಳಿಗ್ಗೆ ಕಾರಿನವನ ಫೋನ್ ಬಂದಾಗಲೂ ಇನ್ನೋವಾ ಹಾಲಿನಲ್ಲೇ ನಿಂತಿತ್ತು. ಎಡಗಡೆ ಸೀಟಿನ ಮೇಲೆ ಟವೆಲ್.

ಒಂಬತ್ತು ಗಂಟೆಗೆ ಅಕ್ಕನ ಫೋನ್. ಹೆಂಡತಿ ಸ್ಪೀಕರಿಗೆ ಹಾಕಿದಳು. “ನಿನ್ನ ಭಾವ ಟವೆಲ್ ಬಿಟ್ಟು ಬಂದವ್ರೆ ಕಣೇ. ಯಾರ ಕೈಲೂ ಕಳಿಸಬೇಡ, ಅಲ್ಲೇ ಇರಲಿ ಅಂತವ್ರೆ. ಇದೇನು ಬರ್ತೀನಿ ಅಂತನಾ ಅಂದ್ರೆ ಬಾಯಿ ಬಿಡ್ತಿಲ್ಲ.”

ನಾನು ಕಾರಿನವನ ನಂಬರ್ ಹುಡುಕಿ ಏಳು ಜನ ಅಂದೆ. ಮಾತಾಡುತ್ತಾ ಹಾಲಿಗೆ ಬಂದರೆ ಅಮ್ಮ ಕುರ್ಚಿಗಳ ನಡುವೆ ನಿಂತಿದ್ದರು. ಎರಡೇ ಬೆರಳಲ್ಲಿ ಟವೆಲ್ ಎತ್ತಿ ಡ್ರೈವರ್ ಹಿಂದಿನ ಕುರ್ಚಿಯ ಮೇಲೆ ಹಾಕಿದರು. ಆಮೇಲೆ ಎಡಗಡೆಯ ಕುರ್ಚಿಯಲ್ಲಿ ಕೂತು, ಅವರೆಕಾಯಿ ಬಿಡಿಸೋಕೆ ಶುರು ಮಾಡಿದರು.